ಚಹಾ ಕೊಟ್ಟ ಬಾಗಿಲು



ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ನಕಾಶೆಯನ್ನು ಮುಂದೆ ಹರಡಿಕೊಂಡು ಕೂತರೆ, ಪಶ್ಚಿಮದ ಒಂದು ಮೂಲೆಯಲ್ಲಿ ನಮಗೆ ಪರಿಚಯದ ಹೆಸರುಗಳು ಕಾಣುತ್ತವೆ. ಕಾಶ್ಮೀರ್ ರೋಡ್, ಲಖನೌ ಸ್ಟ್ರೀಟ್, ಕಾನ್ಪುರ್ ಸ್ಟ್ರೀಟ್, ಬನಾರಸ್ ಸ್ಟ್ರೀಟ್, ಬಾಂಬೆ ಸ್ಟ್ರೀಟ್. ಲಿನನ್ ಗಿರಣಿಯ ಕೂಲಿಗಳಿಗೆಂದು ಕಟ್ಟಿದ, ಒಂದಕ್ಕೊಂದು ಗೋಡೆ ಹಂಚಿಕೊಂಡ ಇಟ್ಟಿಗೆ ಮನೆಗಳ ಸಾಲು ಅವು. ಹೆಸರಿಟ್ಟವರ ತಲೆಯಲ್ಲಿ ಸಾಮ್ರಾಜ್ಯದ ಠೀವಿ ಇತ್ತು. ಬಾಡಿಗೆಗೆ ಬಂದವರಿಗೆ ಕಾಶಿಯೂ ಗೊತ್ತಿರಲಿಲ್ಲ, ಕಾಶ್ಮೀರವೂ ಗೊತ್ತಿರಲಿಲ್ಲ.

1969ರ ಆಗಸ್ಟ್ 15. ನಮ್ಮ ಶಾಲೆಗಳಲ್ಲಿ ಬಾವುಟ ಏರಿಸಿ ಪೆಪ್ಪರಮಿಂಟು ಹಂಚಿದ ಆ ದಿನವೇ ಬೆಲ್‌ಫಾಸ್ಟಿನ ಬಾಂಬೆ ಸ್ಟ್ರೀಟ್ ಹೊತ್ತಿ ಉರಿಯಿತು. ಪಕ್ಕದ ಬೀದಿಗಳ ಪ್ರಾಟೆಸ್ಟೆಂಟ್ ಗುಂಪುಗಳು ಪೆಟ್ರೋಲ್ ಬಾಂಬು ಎಸೆದವು. ಕ್ಯಾಥೊಲಿಕ್ ಕುಟುಂಬಗಳು ಕೈಗೆ ಸಿಕ್ಕ ಸಾಮಾನು ಹೊತ್ತು ಓಡಿದವು. ಆ ಬೇಸಿಗೆಯಲ್ಲಿ ಹೀಗೆ ಮನೆ ಬಿಟ್ಟ ಕುಟುಂಬಗಳು ಸುಮಾರು 1,800. ಅವುಗಳಲ್ಲಿ 1,500ರಷ್ಟು ಕ್ಯಾಥೊಲಿಕರವು.

ಈ ಬೆಂಕಿ ಆರಿಸಲೆಂದು ಬ್ರಿಟಿಷ್ ಸೈನ್ಯ ಬೀದಿಗಿಳಿಯಿತು. ಕೆಲವು ವಾರಗಳ ಕೆಲಸ ಎಂದುಕೊಂಡು ಬಂದವರು ಆಚೆ ಹೊರಟದ್ದು 2007ರ ಜುಲೈ 31ಕ್ಕೆ. ಹೆಚ್ಚುಕಡಿಮೆ 38 ವರ್ಷ! ಸೈನ್ಯದ ದಫ್ತರದಲ್ಲಿ ಇದರ ಹೆಸರು ‘ಆಪರೇಷನ್ ಬ್ಯಾನರ್’. ಬ್ರಿಟಿಷ್ ಸೈನ್ಯದ ಚರಿತ್ರೆಯಲ್ಲಿ ಇಷ್ಟು ದೀರ್ಘಕಾಲ ಎಡೆಬಿಡದೆ ನಡೆದ ಕಾರ್ಯಾಚರಣೆ ಇನ್ನೊಂದಿಲ್ಲ. 3 ಲಕ್ಷಕ್ಕೂ ಹೆಚ್ಚು ಸೈನಿಕರು ಸರದಿಯ ಮೇಲೆ ಅಲ್ಲಿ ದುಡಿದರು. ಈ ಕಥೆಯನ್ನು ಯುದ್ಧದ ಕಥೆಯಾಗಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಇದನ್ನು ಮನೆಬಾಗಿಲುಗಳ ಕಥೆಯಾಗಿ ಹೇಳುತ್ತೇನೆ. ಯಾಕೆಂದರೆ ಅದು ಶುರುವಾದದ್ದೇ ಮನೆಯಿಂದ.

1921ರಲ್ಲಿ ಐರ್ಲೆಂಡ್ ಇಬ್ಭಾಗವಾಯಿತು. ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನ ಜೊತೆಗೇ ಉಳಿದವು. ಅಲ್ಲಿ ಮೂರರಲ್ಲಿ ಎರಡು ಪಾಲು ಪ್ರಾಟೆಸ್ಟೆಂಟರು, ಒಂದು ಪಾಲು ಕ್ಯಾಥೊಲಿಕರು. ಮೊದಲಿನವರಿಗೆ ಬ್ರಿಟನ್ನೇ ತಾಯಿನಾಡು, ಎರಡನೆಯವರಿಗೆ ಐರ್ಲೆಂಡ್ ಒಂದಾಗಬೇಕು. ಸ್ಟಾರ್ಮಂಟ್ ಎಂಬಲ್ಲಿದ್ದ ಪ್ರಾಂತೀಯ ಶಾಸನಸಭೆಯಲ್ಲಿ ಐವತ್ತು ವರ್ಷ ಒಂದೇ ಪಕ್ಷದ ಆಡಳಿತ, ಅದು ಪ್ರಾಟೆಸ್ಟೆಂಟರ ಯೂನಿಯನಿಸ್ಟ್ ಪಕ್ಷ. ನಗರಸಭೆ, ಜಿಲ್ಲಾ ಮಂಡಳಿಗಳ ಚುನಾವಣೆಯಲ್ಲಿ ಮತ ಇದ್ದದ್ದು ಮನೆಯ ಯಜಮಾನನಿಗೆ ಮತ್ತು ಅವನ ಹೆಂಡತಿಗೆ. ಅದೇ ಸೂರಿನಡಿ ಇದ್ದ ಬೆಳೆದ ಮಕ್ಕಳಿಗೆ, ಕೋಣೆ ಬಾಡಿಗೆಗೆ ಹಿಡಿದವರಿಗೆ ಮತವಿಲ್ಲ. ಸರ್ಕಾರಿ ಮನೆಗಳನ್ನು ಹಂಚುವವರೂ ಅದೇ ಮಂಡಳಿಯವರು. ಮನೆ ಕೊಟ್ಟರೆ ಮತ ಕೊಟ್ಟ ಹಾಗೆ, ಅದಕ್ಕೇ ಕೊಡುವ ಮುಂಚೆ ನೂರು ಸಲ ಲೆಕ್ಕ ಹಾಕುತ್ತಿದ್ದರು. ಡೆರಿ ನಗರದಲ್ಲಿ ಕ್ಯಾಥೊಲಿಕರೇ ಬಹುಸಂಖ್ಯಾತರು. ಆದರೂ ವಾರ್ಡುಗಳ ಗೆರೆಯನ್ನು ಎಷ್ಟು ಜಾಣತನದಿಂದ ಎಳೆದಿದ್ದರೆಂದರೆ, ನಗರಸಭೆಯ 20 ಸ್ಥಾನಗಳಲ್ಲಿ 12 ಯೂನಿಯನಿಸ್ಟರಿಗೇ ಹೋಗುತ್ತಿದ್ದವು.

1968ರ ಜೂನ್‌ನಲ್ಲಿ ಕ್ಯಾಲಿಡನ್ ಎಂಬ ಹಳ್ಳಿಯಲ್ಲಿ, ಮದುವೆಯಾಗದ 19 ವರ್ಷದ ಪ್ರಾಟೆಸ್ಟೆಂಟ್ ಹುಡುಗಿಗೆ ಸರ್ಕಾರಿ ಮನೆ ಮಂಜೂರಾಯಿತು. ಮಕ್ಕಳೊಂದಿಗರಾದ ಕ್ಯಾಥೊಲಿಕ್ ಕುಟುಂಬಗಳು ಕಾಯುತ್ತಲೇ ಉಳಿದವು. ಆಸ್ಟಿನ್ ಕರಿ ಎಂಬ ಯುವ ಶಾಸಕ ಆ ಮನೆಯೊಳಗೆ ಹೊಕ್ಕು ಬಾಗಿಲು ಹಾಕಿಕೊಂಡು ಕೂತ. ಪೊಲೀಸರು ಹೊರಗೆ ಎಳೆದರು. ಒಂದು ಹಳ್ಳಿಯ ಒಂದು ಬಾಗಿಲಿನ ಜಗಳ ನಾಗರಿಕ ಹಕ್ಕುಗಳ ಚಳವಳಿಗೆ ಕಿಡಿಯಾಯಿತು. ಅಕ್ಟೋಬರ್ 5ರಂದು ಡೆರಿಯಲ್ಲಿ ನಡೆದ ಮೆರವಣಿಗೆಯ ಮೇಲೆ ಪೊಲೀಸರು ಬೀಸಿದ ಲಾಠಿಯನ್ನು ಟೆಲಿವಿಷನ್‌ನಲ್ಲಿ ಲೋಕವೆಲ್ಲ ನೋಡಿತು. ಮರುವರ್ಷ ಆಗಸ್ಟ್ 12ರಿಂದ ಮೂರು ದಿನ ಡೆರಿಯ ಬಾಗ್‌ಸೈಡ್ ಕೇರಿಯಲ್ಲಿ ಪೊಲೀಸರಿಗೂ ಜನರಿಗೂ ಕಲ್ಲು, ಪೆಟ್ರೋಲ್ ಬಾಂಬು, ಅಶ್ರುವಾಯುವಿನ ಕಾಳಗ. ಪೊಲೀಸರು ದಣಿದುಹೋದರು. 14ರ ಸಂಜೆ ಸೈನ್ಯ ಬಂತು.

ಆಮೇಲೆ ನಡೆದದ್ದನ್ನು ಇಂದಿನವರು ಸುಲಭಕ್ಕೆ ನಂಬುವುದಿಲ್ಲ. ಕ್ಯಾಥೊಲಿಕ್ ಕೇರಿಯ ಹೆಂಗಸರು ಬಾಗಿಲು ತೆರೆದು ಸೈನಿಕರಿಗೆ ಚಹಾ ತಂದುಕೊಟ್ಟರು. ತಟ್ಟೆಯಲ್ಲಿ ಸ್ಯಾಂಡ್‌ವಿಚ್ ಇಟ್ಟುಕೊಟ್ಟರು. ರೈಫಲ್ಲನ್ನು ಗೋಡೆಗೆ ಒರಗಿಸಿ, ಉಕ್ಕಿನ ಟೊಪ್ಪಿಗೆ ತೆಗೆದು, ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಹುಡುಗರು ಅವರಿಗೆ ರಕ್ಷಕರಾಗಿ ಕಂಡರು. ಒಂದು ಪಕ್ಷದವರಂತಾಗಿದ್ದ ಪೊಲೀಸರ ಜಾಗಕ್ಕೆ ಮೂರನೆಯವರು ಬಂದರಲ್ಲ ಎಂಬ ಸಮಾಧಾನ ಅದು. ಸೈನ್ಯವನ್ನು ಕಳುಹಿಸುವುದು ಸುಲಭ, ವಾಪಸು ಕರೆಸಿಕೊಳ್ಳುವುದು ಕಷ್ಟ ಎಂಬುದು ಲಂಡನ್ನಿನ ಗೃಹಮಂತ್ರಿ ಜೇಮ್ಸ್ ಕ್ಯಾಲಹಾನ್‌ಗೆ ಗೊತ್ತಿರದೆ ಇರಲಿಲ್ಲ. ಆದರೆ ಆ ಸಂಜೆ ಬೇರೆ ದಾರಿ ಅವರಿಗೆ ಕಾಣಲಿಲ್ಲ.

ಇಲ್ಲಿ ಒಂದು ಮಾತು ನೆನಪಿಡಬೇಕು. ಈ ಸೈನಿಕರ ಮೇಲಧಿಕಾರಿಗಳಲ್ಲಿ ಬಹಳ ಮಂದಿ ಮಲಯಾ, ಕೀನ್ಯಾ, ಸೈಪ್ರಸ್, ಏಡನ್‌ಗಳಲ್ಲಿ ಬಂಡಾಯ ಹತ್ತಿಕ್ಕಿ ಬಂದವರು. ಮೊದಮೊದಲ ಗಲಭೆಯೊಂದರಲ್ಲಿ, ಚದುರದಿದ್ದರೆ ಗುಂಡು ಹಾರಿಸುತ್ತೇವೆ ಎಂಬ ಎಚ್ಚರಿಕೆಯ ಬಟ್ಟೆಯನ್ನು ಸೈನಿಕರು ಬಿಚ್ಚಿ ಹಿಡಿದರೆ, ಅದರಲ್ಲಿ ಬರಹ ಅರಬ್ಬಿಯಲ್ಲಿತ್ತು ಎಂದು ಒಂದು ಕಥೆ ಅಲ್ಲಿ ಈಗಲೂ ಚಾಲ್ತಿಯಲ್ಲಿದೆ. ಏಡನ್ನಿನಿಂದ ಮಡಿಸಿಟ್ಟು ತಂದದ್ದಂತೆ. ಕಥೆಗೆ ಎಷ್ಟು ಕಾಲು ಎಷ್ಟು ರೆಕ್ಕೆ ಎಂಬುದನ್ನು ಬಿಟ್ಟರೂ, ಸೈನ್ಯದ ತಲೆಯೊಳಗಿನ ಪಾಠಪುಸ್ತಕ ವಸಾಹತುಗಳದ್ದೇ ಆಗಿತ್ತು ಎನ್ನುವುದು ದಿಟ. ಆ ಪುಸ್ತಕದ ಪ್ರಕಾರ ಕೇರಿಯೆಂದರೆ ಮುತ್ತಿಗೆ ಹಾಕಬೇಕಾದ ಜಾಗ, ಮನೆಯೆಂದರೆ ಜಾಲಾಡಬೇಕಾದ ಜಾಗ.

ಹನ್ನೊಂದೇ ತಿಂಗಳಲ್ಲಿ ಆ ಪುಸ್ತಕ ತೆರೆಯಿತು. 1970ರ ಜುಲೈ 3, ಶುಕ್ರವಾರ. ಬೆಲ್‌ಫಾಸ್ಟಿನ ಫಾಲ್ಸ್ ಕೇರಿಯ ಒಂದು ಮನೆಯಲ್ಲಿ ಬಂದೂಕು ಅಡಗಿಸಿದ್ದಾರೆಂದು ಸೈನ್ಯಕ್ಕೆ ಸುಳಿವು ಸಿಕ್ಕಿತು. ಸುಳಿವು ನಿಜವಾಗಿತ್ತು, ಬಂದೂಕು ಸಿಕ್ಕಿತು. ಹಿಂದಿರುಗುವಾಗ ಜನ ಮುತ್ತಿಕೊಂಡರು, ಕಲ್ಲು ಬಿತ್ತು, ಅಶ್ರುವಾಯು ಹಾರಿತು, ಐರ್ಲೆಂಡ್ ಒಂದಾಗಬೇಕೆಂದು ಹೋರಾಡುತ್ತಿದ್ದ ಐಆರ್‌ಎ ಪಡೆಯ ಬಂದೂಕುಗಳೂ ಸದ್ದು ಮಾಡಿದವು. ರಾತ್ರಿ ಜನರಲ್ ಇಯಾನ್ ಫ್ರೀಲ್ಯಾಂಡ್ ಇಡೀ ಕೇರಿಗೆ ಕರ್ಫ್ಯೂ ಹೇರಿದ. ಸುಮಾರು 3,000 ಮನೆಗಳ ಜನ ಭಾನುವಾರದವರೆಗೆ ಒಳಗೇ ಬಂದಿಗಳಾದರು. ಮನೆ ಮನೆಗೂ ಸೈನಿಕರು ನುಗ್ಗಿದರು. ನೆಲದ ಹಲಗೆ ಕಿತ್ತರು, ಗೋಡೆ ಒಡೆದರು, ಕಪಾಟು ಉರುಳಿಸಿದರು. ಸಾಮಾನು ಕಳುವಾದ ದೂರುಗಳೂ ಬಂದವು. ನಾಲ್ವರು ನಾಗರಿಕರು ಸತ್ತರು. ಗಾಯದ ಮೇಲೆ ಉಪ್ಪು ಸವರಿದಂತೆ, ಯೂನಿಯನಿಸ್ಟ್ ಸರ್ಕಾರದ ಇಬ್ಬರು ಮಂತ್ರಿಗಳನ್ನು ಸೈನ್ಯದ ವಾಹನದಲ್ಲಿ ಕೂರಿಸಿ ಆ ಕೇರಿಯನ್ನು ಸುತ್ತಿಸಿದರು.

ಭಾನುವಾರ ಕರ್ಫ್ಯೂ ಮುರಿದವರು ಹೆಂಗಸರು. ಪಕ್ಕದ ಬಡಾವಣೆಗಳಿಂದ ಮಕ್ಕಳ ತಳ್ಳುಗಾಡಿಗಳಲ್ಲಿ ಬ್ರೆಡ್ಡು, ಹಾಲು ತುಂಬಿಕೊಂಡು ದೊಡ್ಡ ಗುಂಪಾಗಿ ಬಂದು, ತಡೆ ಹಾಕಿದ್ದ ಸೈನಿಕರನ್ನು ತಳ್ಳಿಕೊಂಡು ಒಳಗೆ ನಡೆದರು. ವರ್ಷದ ಹಿಂದೆ ಚಹಾ ಲೋಟ ಹಿಡಿದು ಬಂದಿದ್ದವರೂ ಇಂಥ ಹೆಂಗಸರೇ.

ಆ ವಾರಾಂತ್ಯದ ಲೆಕ್ಕ ಸೈನ್ಯದ ಪುಸ್ತಕದಲ್ಲಿ ಗೆಲುವು ಎಂದೇ ದಾಖಲಾಯಿತು: ಸುಮಾರು ನೂರು ಬಂದೂಕು ಪಿಸ್ತೂಲು, ಸುಮಾರು 20,000 ತೋಟಾ. ಕೇರಿಯವರ ಮನಸ್ಸಿನಲ್ಲಿ ಬೇರೆ ಲೆಕ್ಕ ಇತ್ತು. ಯಾರ ಮನೆಯ ಬಾಗಿಲು, ಯಾರ ಅಟ್ಟ, ಯಾರ ಮಗ. ಐಆರ್‌ಎ ಆರೇಳು ತಿಂಗಳ ಹಿಂದಷ್ಟೇ ಒಡೆದು ಎರಡಾಗಿತ್ತು. ಸಶಸ್ತ್ರ ಹೋರಾಟವೇ ಸೈ ಎನ್ನುತ್ತಿದ್ದ ‘ಪ್ರಾವಿಷನಲ್’ ಬಣ ಇನ್ನೂ ಬಡಕಲಾಗಿತ್ತು. ಅದು ಹುಡುಗರನ್ನು ಹುಡುಕಿಕೊಂಡು ಹೋಗಬೇಕಾದ ದಿನಗಳು ಅಲ್ಲಿಗೆ ಮುಗಿದವು. ಹುಡುಗರೇ ಅದನ್ನು ಹುಡುಕಿಕೊಂಡು ಬಂದರು. ಸೈನ್ಯ ಲೆಕ್ಕ ಬದಲಿಸಲಿಲ್ಲ. 1973ರ ಒಂದೇ ವರ್ಷದಲ್ಲಿ 70,000ಕ್ಕೂ ಹೆಚ್ಚು ಸಲ ಮನೆಗಳ ಶೋಧ ನಡೆಯಿತು. ಇಡೀ ಪ್ರಾಂತ್ಯದ ಜನಸಂಖ್ಯೆ ಆಗ ಸುಮಾರು 15 ಲಕ್ಷ.

ಕೇರಿಯ ಹೆಂಗಸರಿಗೆ ಹೊಸ ಕೆಲಸವೊಂದು ಬಂತು. ಬೆಳಗಿನ ಜಾವ ಸೈನ್ಯದ ಗಾಡಿ ತಿರುವಿನಲ್ಲಿ ಕಂಡರೆ, ಕಸದ ಡಬ್ಬಿಯ ತಗಡಿನ ಮುಚ್ಚಳ ತೆಗೆದು ಕಲ್ಲುಹಾಸಿನ ಮೇಲೆ ಬಡಿಯುವುದು. ಒಂದು ಬೀದಿಯ ಸದ್ದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಸಿಗಬೇಕಾದವನು ಹಿತ್ತಿಲ ಗೋಡೆ ಹಾರಿ ಹೋಗುವಷ್ಟು ಹೊತ್ತು ಅದರಿಂದ ಸಿಗುತ್ತಿತ್ತು.

1971ರ ಆಗಸ್ಟ್ 9ರ ನಸುಕಿನಲ್ಲಿ ಆ ಸದ್ದು ಊರೂರಲ್ಲಿ ಎದ್ದಿತು. ವಿಚಾರಣೆಯಿಲ್ಲದೆ ಜೈಲಿಗೆ ತಳ್ಳುವ ಅಧಿಕಾರವನ್ನು ಸರ್ಕಾರ ಚಲಾಯಿಸಿತ್ತು. ಮೊದಲ ದಿನ 342 ಜನರನ್ನು ಹಿಡಿದರು, ಬಹುತೇಕ ಎಲ್ಲರೂ ಕ್ಯಾಥೊಲಿಕ್ ಕಡೆಯವರು. ಪೊಲೀಸರ ಪಟ್ಟಿ ಎಷ್ಟು ಹಳತೆಂದರೆ, ನೂರಕ್ಕೂ ಹೆಚ್ಚು ಮಂದಿಯನ್ನು ಎರಡು ದಿನದೊಳಗೆ ಬಿಟ್ಟು ಕಳಿಸಬೇಕಾಯಿತು. ನಿಜವಾದ ಬಂದೂಕುಧಾರಿಗಳಲ್ಲಿ ಬಹುಮಂದಿ ಮೊದಲೇ ಜಾಗ ಖಾಲಿ ಮಾಡಿದ್ದರು. ಇಲಿ ಇದೆಯೆಂದು ಮನೆಗೆ ಬೆಂಕಿಯಿಟ್ಟ ಗಾದೆ ನಮ್ಮದು. ಇಲ್ಲಿ ಮನೆ ಸುಟ್ಟಿತು, ಇಲಿ ತಪ್ಪಿಸಿಕೊಂಡಿತು. ಹಿಡಿದವರಲ್ಲಿ 14 ಮಂದಿಯನ್ನು ಆರಿಸಿ, ತಲೆಗೆ ಮುಸುಕು ಹಾಕಿ, ಗೋಡೆಗೆ ಕೈಕೊಟ್ಟು ಗಂಟೆಗಟ್ಟಲೆ ನಿಲ್ಲಿಸಿ, ಕಿವಿ ಕೊರೆಯುವ ಸದ್ದು ಹಾಕಿ, ನಿದ್ದೆ, ಅನ್ನ, ನೀರು ತಪ್ಪಿಸಿ ಪ್ರಶ್ನಿಸಿದರು. ಇದೂ ವಸಾಹತುಗಳಲ್ಲಿ ಕಲಿತ ವಿದ್ಯೆಯೇ. ಇದು ಅಮಾನವೀಯ, ಹೀನಾಯ ವರ್ತನೆ, ಆದರೆ ಚಿತ್ರಹಿಂಸೆ ಎನ್ನುವಷ್ಟಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1978ರಲ್ಲಿ ತೀರ್ಪು ಕೊಟ್ಟಿತು. ಅದೇ ಆಗಸ್ಟ್‌ನ ಮೂರು ದಿನಗಳಲ್ಲಿ ಬ್ಯಾಲಿಮರ್ಫಿ ಕೇರಿಯಲ್ಲಿ ಗುಂಡಿಗೆ ಬಲಿಯಾದ ಹತ್ತು ಜನ ಪೂರ್ತಿ ನಿರಪರಾಧಿಗಳು ಎಂದು ವಿಚಾರಣಾಧಿಕಾರಿ ಘೋಷಿಸಿದ್ದು 2021ರಲ್ಲಿ, ಐವತ್ತು ವರ್ಷದ ಮೇಲೆ.

ಈ ಬಂಧನಗಳನ್ನು ವಿರೋಧಿಸಿ 1972ರ ಜನವರಿ 30ರ ಭಾನುವಾರ ಡೆರಿಯಲ್ಲಿ ಮೆರವಣಿಗೆ ನಡೆಯಿತು. ಪ್ಯಾರಾಶೂಟ್ ರೆಜಿಮೆಂಟಿನ ಸೈನಿಕರು ಗುಂಡು ಹಾರಿಸಿ 13 ಜನರನ್ನು ಕೊಂದರು. ಹದಿನಾಲ್ಕನೆಯವರು ಆಮೇಲೆ ತೀರಿಕೊಂಡರು. ಗಾಯಾಳುವನ್ನು ಹೊತ್ತವರ ಮುಂದೆ, ಬಗ್ಗಿಕೊಂಡು ರಕ್ತದ ಬಿಳಿ ಕರವಸ್ತ್ರ ಬೀಸುತ್ತ ಬರುವ ಎಡ್ವರ್ಡ್ ಡೇಲಿ ಎಂಬ ಪಾದ್ರಿಯ ಚಿತ್ರವನ್ನು ನೀವು ನೋಡಿರಬಹುದು. ಹತ್ತೇ ವಾರದಲ್ಲಿ ಬಂದ ಮೊದಲ ವಿಚಾರಣಾ ವರದಿ ಸೈನಿಕರ ಪರವಾಗಿತ್ತು. ಎರಡನೆಯದು 12 ವರ್ಷ ಹಿಡಿಯಿತು. 2010ರ ಜೂನ್ 15ರಂದು ಪ್ರಧಾನಿ ಡೇವಿಡ್ ಕ್ಯಾಮರನ್ ಸಂಸತ್ತಿನಲ್ಲಿ ಎದ್ದುನಿಂತು, ಆ ಗುಂಡಿಗೆ ಸಮರ್ಥನೆಯಿಲ್ಲ, ಸಮರ್ಥಿಸಲೂ ಸಾಧ್ಯವಿಲ್ಲ ಎಂದು ಕ್ಷಮೆ ಕೋರಿದರು.

ಸೈನ್ಯದ ತಪ್ಪು ಎಣಿಸುವಾಗ ತಕ್ಕಡಿಯ ಇನ್ನೊಂದು ತಟ್ಟೆಯನ್ನು ಖಾಲಿ ಬಿಡಬಾರದು. ಆ ಮೂವತ್ತು ವರ್ಷಗಳಲ್ಲಿ ಸತ್ತವರು ಸುಮಾರು 3,500 ಜನ. ಐದರಲ್ಲಿ ಮೂರು ಸಾವು ಐಆರ್‌ಎ ಮತ್ತು ಅದರ ಕಡೆಯ ಗುಂಪುಗಳ ಕೈಯಿಂದ ಆದದ್ದು. ಪ್ರಾಟೆಸ್ಟೆಂಟ್ ಬಂದೂಕುಧಾರಿಗಳು ಸಾವಿರದಷ್ಟು ಜನರನ್ನು ಕೊಂದರು. ಸೈನ್ಯದಿಂದ ಸತ್ತವರು ಸುಮಾರು 300, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ನಾಗರಿಕರು. 1972ರ ಜುಲೈ 21ರಂದು ಐಆರ್‌ಎ ಒಂದು ಗಂಟೆಯ ಆಸುಪಾಸಿನಲ್ಲಿ ಬೆಲ್‌ಫಾಸ್ಟಿನಲ್ಲಿ ಇಪ್ಪತ್ತರಷ್ಟು ಬಾಂಬು ಸಿಡಿಸಿ 9 ಜನರನ್ನು ಕೊಂದಿತು. ಹತ್ತು ದಿನದ ನಂತರ ಸೈನ್ಯ ಟ್ಯಾಂಕಿನ ಮೈಗೆ ಬುಲ್‌ಡೋಜರ್ ಕಟ್ಟಿ, ತಡೆಗೋಡೆಗಳನ್ನು ಕೆಡವಿ, ತನಗೆ ಪ್ರವೇಶವಿಲ್ಲದಿದ್ದ ಕೇರಿಗಳನ್ನು ಹೊಕ್ಕಿತು. ಆ ಬೇಸಿಗೆಯಲ್ಲಿ 25,000ಕ್ಕೂ ಹೆಚ್ಚು ಸಮವಸ್ತ್ರಧಾರಿಗಳು ಅಲ್ಲಿದ್ದರು. ಮುಂದೆ ಹಿಂಸೆ ಇಳಿಯಿತು ಎಂಬುದೂ ನಿಜ.

ಬಾಗಿಲು ಒಡೆದು ಹೊಕ್ಕ ಸೈನ್ಯ ಬಾಗಿಲು ತಟ್ಟಿಯೂ ಹೊಕ್ಕಿತು. ಅದಕ್ಕೆ ಸ್ವಲ್ಪ ಮುಂಚಿನವರೆಗೆ ಬೆಲ್‌ಫಾಸ್ಟಿನ ಬ್ರಿಗೇಡಿಗೆ ಮುಖ್ಯಸ್ಥನಾಗಿದ್ದವನು ಫ್ರ್ಯಾಂಕ್ ಕಿಟ್ಸನ್. ಕೀನ್ಯಾದಲ್ಲಿ ಬಂಡುಕೋರರ ವೇಷದಲ್ಲೇ ಬಂಡುಕೋರರನ್ನು ಬೇಟೆಯಾಡುವ ತಂತ್ರ ಪಳಗಿಸಿದ್ದವನು, ಈ ಬಗೆಯ ಸಮರದ ಮೇಲೆ 1971ರಲ್ಲಿ ಪುಸ್ತಕವನ್ನೂ ಬರೆದವನು. ಅವನ ಕಾಲದಲ್ಲಿ ಹುಟ್ಟಿದ ಗುಪ್ತ ತುಕಡಿಯೊಂದು ‘ಫೋರ್ ಸ್ಕ್ವೇರ್ ಲಾಂಡ್ರಿ’ ಎಂಬ ಹೆಸರಿನಲ್ಲಿ ವ್ಯಾನು ಓಡಿಸಿತು. ಒಬ್ಬ ಹುಡುಗ, ಒಬ್ಬಳು ಹುಡುಗಿ, ಮನೆಮನೆಯಿಂದ ಮಾಸಿದ ಬಟ್ಟೆ ಎತ್ತುತ್ತಿದ್ದರು. ದರ ಅಗ್ಗ, ಮಾತು ಸಿಹಿ. ಬಟ್ಟೆ ಒಗೆಯಲು ಹೋಗುವ ಮುಂಚೆ ಪರೀಕ್ಷೆಗೆ ಹೋಗುತ್ತಿತ್ತು. ತೋಳಿನಲ್ಲಿ ಸಿಡಿಮದ್ದಿನ ಪುಡಿ ಇದೆಯೆ, ರಕ್ತದ ಕಲೆ ಇದೆಯೆ, ಗಂಡಸು ಮನೆಯಲ್ಲಿಲ್ಲ ಎಂದ ಮನೆಯಿಂದ ಗಂಡಸಿನ ಅಂಗಿ ಬಂದಿದೆಯೆ ಎಂದು ನೋಡುತ್ತಿದ್ದರು. 1972ರ ಅಕ್ಟೋಬರ್ 2ರಂದು ಐಆರ್‌ಎ ಆ ವ್ಯಾನಿನ ಮೇಲೆ ಗುಂಡಿನ ಮಳೆ ಸುರಿಸಿ ಚಾಲಕನನ್ನು ಕೊಂದಿತು. ಬಟ್ಟೆ ಎತ್ತುತ್ತ ಒಂದು ಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ಬದುಕಿಕೊಂಡಳು. ಬೇಹುಗಾರಿಕೆಯ ದೃಷ್ಟಿಯಿಂದ ಭಲೆ ಉಪಾಯವೇ. ಆದರೆ ಆ ದಿನದ ಮೇಲೆ ಆ ಕೇರಿಗಳಲ್ಲಿ ಬಾಗಿಲು ತಟ್ಟಿದ ಯಾವ ಅಪರಿಚಿತನನ್ನು ಯಾರು ನಂಬಿಯಾರು?

1976ರಿಂದ ಧೋರಣೆ ಬದಲಾಯಿತು. ಸ್ಥಳೀಯ ಪೊಲೀಸರು ಮುಂದೆ, ಸೈನ್ಯ ಹಿಂದೆ. ಜೊತೆಗೆ ಅಲ್ಸ್ಟರ್ ಡಿಫೆನ್ಸ್ ರೆಜಿಮೆಂಟ್ ಎಂಬ ಸ್ಥಳೀಯರ ಪಡೆ. 1970ರಲ್ಲಿ ಅದು ಹುಟ್ಟಿದಾಗ ಶೇಕಡಾ 18ರಷ್ಟು ಕ್ಯಾಥೊಲಿಕರಿದ್ದರು. ಕೆಲವೇ ವರ್ಷಗಳಲ್ಲಿ ಅದು ಶೇಕಡಾ 3ರ ಸುಮಾರಿಗೆ ಇಳಿಯಿತು. ಈ ಪಡೆಯ ಬಹುಮಂದಿ ಅರೆಕಾಲಿಕರು. ಹಗಲು ಹಾಲು ಹಾಕುವವರು, ಅಂಚೆ ಹಂಚುವವರು, ಬೇಸಾಯಗಾರರು, ರಾತ್ರಿ ಗಸ್ತಿನ ಸೈನಿಕರು. ಐಆರ್‌ಎ ಅವರನ್ನು ಹುಡುಕಿಕೊಂಡು ಹೋದದ್ದು ಅವರ ಹೊಲಕ್ಕೆ, ಅವರ ಹೊಸ್ತಿಲಿಗೆ. ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಡುವ ಮುಂಚೆ ನೆಲಕ್ಕೆ ಮಂಡಿಯೂರಿ ಕಾರಿನ ಕೆಳಗೆ ಬಾಂಬು ಇದೆಯೇ ಎಂದು ಇಣುಕುವುದು ಆ ಮನೆಗಳಲ್ಲಿ ಹಲ್ಲುಜ್ಜಿದಷ್ಟೇ ಸಹಜವಾಯಿತು. ಒಂದು ಸಮುದಾಯದವರಿಗೆ ಸಮವಸ್ತ್ರ ತೊಡಿಸಿ ಇನ್ನೊಂದು ಸಮುದಾಯದ ಬೀದಿಗೆ ಕಳಿಸಿದರೆ ಅದು ಪೊಲೀಸ್ ಕೆಲಸವಾಗಿ ಯಾರ ಕಣ್ಣಿಗೂ ಕಾಣುವುದಿಲ್ಲ. ನೆರೆಹೊರೆಯ ಹಗೆಗೆ ಸರ್ಕಾರಿ ಮೊಹರು ಬಿದ್ದಂತೆ ಕಾಣುತ್ತದೆ.

ಬೆಂಕಿಯ ಬಿಸಿ ನಮ್ಮ ದೇಶಕ್ಕೂ ತಟ್ಟಿತ್ತು. 1979ರ ಆಗಸ್ಟ್ 27ರಂದು ಐಆರ್‌ಎ ಬಾಂಬಿಗೆ ಮೌಂಟ್‌ಬ್ಯಾಟನ್ ಬಲಿಯಾದಾಗ, ತನ್ನ ಕೊನೆಯ ವೈಸರಾಯನಿಗಾಗಿ ಭಾರತ ಏಳು ದಿನ ಶೋಕ ಆಚರಿಸಿತು. ಅದೇ ದಿನ ವಾರನ್‌ಪಾಯಿಂಟ್ ಬಳಿ 18 ಸೈನಿಕರು ಸತ್ತರು. 1981ರಲ್ಲಿ ರಾಜಕೀಯ ಕೈದಿಯ ಸ್ಥಾನ ಕೇಳಿ ಬಾಬಿ ಸ್ಯಾಂಡ್ಸ್ ಜೈಲಿನಲ್ಲಿ 66 ದಿನ ಉಪವಾಸವಿದ್ದು ಪ್ರಾಣ ಬಿಟ್ಟಾಗ, ನಮ್ಮ ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ಸದಸ್ಯರು ಒಂದು ನಿಮಿಷ ಎದ್ದು ನಿಂತರು. ಸಾಯುವ ಹೊತ್ತಿಗೆ ಸ್ಯಾಂಡ್ಸ್ ಜನ ಆರಿಸಿದ ಬ್ರಿಟಿಷ್ ಸಂಸತ್ ಸದಸ್ಯ. ಬಂದೂಕಿಗಿಂತ ಮತಪೆಟ್ಟಿಗೆಯಲ್ಲಿ ಹೆಚ್ಚು ಬಲ ಇದೆಯೆಂದು ಅವನ ಕಡೆಯವರಿಗೆ ಹೊಳೆದದ್ದು ಬಹುಶಃ ಆಗಲೇ.

ಸೈನ್ಯದೊಳಗೂ ಸತ್ಯ ಗೊತ್ತಿದ್ದವರು ಇದ್ದರು. 1978ರಲ್ಲೇ ಬ್ರಿಗೇಡಿಯರ್ ಜೇಮ್ಸ್ ಗ್ಲೋವರ್ ಒಂದು ಗುಪ್ತ ವರದಿ ಬರೆದ. ಇವರು ಬುದ್ಧಿಗೇಡಿ ಪುಂಡರಲ್ಲ, ಬೇರು ಜನರಲ್ಲಿದೆ, ಹೋರಾಟ ಬೇಗ ಮುಗಿಯುವುದಿಲ್ಲ ಎಂಬುದು ಅದರ ಸಾರ. ವರದಿ ಐಆರ್‌ಎ ಕೈಗೇ ಸಿಕ್ಕಿ ಬಯಲಾಯಿತು. ಆದರೂ ಇನ್ನು ಇಪ್ಪತ್ತು ವರ್ಷ ಬೇಕಾಯಿತು. ದಕ್ಷಿಣ ಆರ್ಮಾದ ರಸ್ತೆಗಳಲ್ಲಿ ಬಾಂಬಿನ ಭಯಕ್ಕೆ ವಾಹನ ಓಡಿಸಲಾಗದೆ, ಸೈನ್ಯ ಊಟ, ಸಾಮಾನು, ಕೊನೆಗೆ ಕಸವನ್ನೂ ಹೆಲಿಕಾಪ್ಟರಿನಲ್ಲಿ ಸಾಗಿಸಿತು. ಎರಡೂ ಕಡೆಯ ಹಂತಕರ ನಡುವೆ ಗೂಢಚಾರರನ್ನು ನೆಟ್ಟಿತು. 1989ರಲ್ಲಿ ವಕೀಲ ಪ್ಯಾಟ್ ಫಿನುಕೇನ್ ಅವರನ್ನು ಹೆಂಡತಿ ಮಕ್ಕಳ ಮುಂದೆ ಊಟದ ಮೇಜಿನ ಬಳಿ ಕೊಂದ ಗುಂಪಿನಲ್ಲಿ ಸೈನ್ಯದ, ಪೊಲೀಸರ ಬಾತ್ಮೀದಾರರು ಇದ್ದರು ಎಂದು ಮುಂದೆ ಸರ್ಕಾರವೇ ಒಪ್ಪಿಕೊಂಡಿತು. ಐಆರ್‌ಎ ಒಳಗೆ ಸೈನ್ಯ ಇಟ್ಟುಕೊಂಡಿದ್ದ ‘ಸ್ಟೇಕ್‌ನೈಫ್’ ಎಂಬ ಏಜೆಂಟನಿಂದ ಉಳಿದ ಜೀವಗಳಿಗಿಂತ ಹೋದ ಜೀವಗಳೇ ಹೆಚ್ಚಿರಬಹುದು ಎಂದು 2024ರ ತನಿಖಾ ವರದಿ ಹೇಳಿತು.

1994ರಲ್ಲಿ ಕದನವಿರಾಮ, 1998ರ ಏಪ್ರಿಲ್ 10ರಂದು ಎರಡೂ ಕಡೆಯವರು ಅಧಿಕಾರ ಹಂಚಿಕೊಳ್ಳುವ ಗುಡ್ ಫ್ರೈಡೇ ಒಪ್ಪಂದ. ಮೇ ತಿಂಗಳ ಜನಮತಗಣನೆಯಲ್ಲಿ ಶೇಕಡಾ 71ರಷ್ಟು ಜನ ಹೂಂ ಅಂದರು. 2005ರಲ್ಲಿ ಐಆರ್‌ಎ ಬಂದೂಕು ಕೈಬಿಟ್ಟಿತು. ಸೈನ್ಯ ಹೊರಡುವ ಮುನ್ನ, 2006ರಲ್ಲಿ, ತನ್ನದೇ ಕಾರ್ಯಾಚರಣೆಯ ವಿಮರ್ಶೆ ಬರೆದುಕೊಂಡಿತು. ಅದಕ್ಕೆ ಮುನ್ನುಡಿ ಬರೆದ ಜನರಲ್ ಮೈಕ್ ಜಾಕ್ಸನ್, 1972ರ ಆ ಭಾನುವಾರ ಡೆರಿಯ ಬೀದಿಯಲ್ಲಿ ಪ್ಯಾರಾ ತುಕಡಿಯ ಕ್ಯಾಪ್ಟನ್ ಆಗಿದ್ದವರೇ. ವಿಚಾರಣೆಯಿಲ್ಲದ ಬಂಧನ ದೊಡ್ಡ ತಪ್ಪಾಗಿತ್ತು ಎಂದು ಆ ಪುಸ್ತಕ ಒಪ್ಪಿತು. 1970ರ ಆ ಶೋಧದಿಂದ ಸೌಮ್ಯ ಸ್ವಭಾವದ ಕ್ಯಾಥೊಲಿಕರಿಗೂ ಸೈನ್ಯ ಎದುರು ಪಕ್ಷದ್ದು ಎಂದು ಮನದಟ್ಟಾಯಿತು ಎಂದೂ ಒಪ್ಪಿತು. ಕಸದ ಡಬ್ಬಿಯ ಮುಚ್ಚಳ ಬಡಿದ ಹೆಂಗಸರು ಮೂವತ್ತಾರು ವರ್ಷ ಮೊದಲೇ ಹೇಳಿದ್ದನ್ನು ದಫ್ತರ ಆಗ ಬರೆದುಕೊಂಡಿತು.

ಮನೆಗಾಗಿ ಶುರುವಾದ ಜಗಳ ಮುಗಿದದ್ದು ಮನೆ ಹಂಚುವ, ಮತ ಹಂಚುವ, ಅಧಿಕಾರ ಹಂಚುವ ಮಾತು ಕೂಡಿಬಂದಾಗ. ಮನೆ ಹಂಚಿಕೆ ಮಂಡಳಿಗಳ ಕೈತಪ್ಪಿತು, ಎಲ್ಲರಿಗೂ ಮತ ಬಂತು, ಪೊಲೀಸ್ ಪಡೆಯ ಹೆಸರೂ ರೂಪವೂ ಬದಲಾಯಿತು. ಇವುಗಳಲ್ಲಿ ಯಾವುದನ್ನೂ ಸೈನಿಕ ಮಾಡಲಾರ. ಅವನು ಮಾಡಬಹುದಾದದ್ದು, ಅದೆಲ್ಲ ಆಗುವ ತನಕ ಬೀದಿಯಲ್ಲಿ ರಕ್ತ ಕಡಿಮೆ ಹರಿಯುವಂತೆ ನೋಡಿಕೊಳ್ಳುವುದು. ಅದನ್ನು ಅವನು ಎಷ್ಟೋ ದಿನ ಮಾಡಿದ, 700ಕ್ಕೂ ಹೆಚ್ಚು ಸಂಗಾತಿಗಳನ್ನು ಕಳೆದುಕೊಂಡ. ಆದರೆ ಯಾವ ಕೇರಿಯನ್ನು ಕಾಯಲು ಬಂದಿದ್ದನೋ ಆ ಕೇರಿಯ ಬಾಗಿಲು ಮೊದಲ ವರ್ಷದಲ್ಲೇ ಅವನಿಗೆ ಮುಚ್ಚಿತ್ತು.

ಮತ್ತೆ ಬಾಂಬೆ ಸ್ಟ್ರೀಟಿಗೆ ಬರೋಣ. ಸುಟ್ಟ ಮನೆಗಳನ್ನು ಜನ ಮತ್ತೆ ಕಟ್ಟಿಕೊಂಡರು. 1969ರ ಸೆಪ್ಟೆಂಬರ್‌ನಲ್ಲಿ ಸೈನ್ಯ ಎರಡು ಸಮುದಾಯಗಳ ನಡುವೆ ತಗಡು, ಮುಳ್ಳುತಂತಿಯ ಬೇಲಿ ಎಳೆದಿತ್ತು. ಇದು ತೀರಾ ತಾತ್ಕಾಲಿಕ, ಬರ್ಲಿನ್ ಗೋಡೆಯಂತಾಗಲು ಬಿಡುವುದಿಲ್ಲ ಎಂದಿದ್ದರು ಜನರಲ್ ಫ್ರೀಲ್ಯಾಂಡ್. ಬರ್ಲಿನ್ನಿನ ಗೋಡೆ 1989ರಲ್ಲಿ ಬಿತ್ತು. ಬೆಲ್‌ಫಾಸ್ಟಿನ ಬೇಲಿ ಇಟ್ಟಿಗೆಯಾಗಿ, ಕಾಂಕ್ರೀಟಾಗಿ, ಉಕ್ಕಿನ ಹಾಳೆಯಾಗಿ ಮೇಲೆ ಮೇಲೆ ಬೆಳೆಯಿತು. ಅದರ ಕೆಲವು ಗೇಟುಗಳಿಗೆ ಈಗಲೂ ಕತ್ತಲಾದರೆ ಬೀಗ. ಬಾಂಬೆ ಸ್ಟ್ರೀಟಿನ ಮನೆಗಳ ಹಿತ್ತಿಲು ಆ ಗೋಡೆಗೆ ತಾಗಿದೆ. ಆಚೆಯಿಂದ ಕಲ್ಲು ಬಿದ್ದೀತೆಂದು ಹಿತ್ತಿಲಿಗೆ ಮೇಲಿನಿಂದ ಕೆಳಗಿನ ತನಕ ಕಬ್ಬಿಣದ ಜಾಲರಿ ಹೊದಿಸಿಕೊಂಡಿದ್ದಾರೆ. ಮುಂಬಾಗಿಲು ತಟ್ಟಲು ಈಗ ಅಲ್ಲಿ ಯಾವ ಸೈನಿಕನೂ ಬರುವುದಿಲ್ಲ. ಹಿತ್ತಿಲ ಜಾಲರಿಯನ್ನು ಮಾತ್ರ ಅವರು ಬಿಚ್ಚಿಲ್ಲ.